ಹೆರಿಟಬಿಲಿಟಿ 1 ಬಂತಾ? ಮೊದಲು ಅಳಿಯನ ಖಾನೆ ನೋಡಿ, ಆಮೇಲೆ ಗೋಡೆಯ ಟೇಪು

ಲಕ್ಷಣ ಇದು. ಕುಟುಂಬಗಳ ಎತ್ತರದ ಡೇಟಾ. ಮಾಡೆಲ್ ಓಡಿಸಿದರೆ ಹೆರಿಟಬಿಲಿಟಿ, ಅಂದರೆ ಮಂದಿಯ ನಡುವಿನ ಎತ್ತರದ ವ್ಯತ್ಯಾಸದಲ್ಲಿ ಆನುವಂಶಿಕತೆಯ ಪಾಲು (0ರಿಂದ 1), ಸರಿಯಾಗಿ 1.00 ಅಂತ ಬರುತ್ತದೆ. ಪಕ್ಕದಲ್ಲಿ ಸ್ಟ್ಯಾಂಡರ್ಡ್ ಎರರ್ (ಸಂಖ್ಯೆ ಎಷ್ಟು ಅಳ್ಳಾಡಬಹುದು ಅನ್ನೋ ಅಂದಾಜು) ಇರಬೇಕಾದ ಜಾಗ ಖಾಲಿ. ಯಾವ ಟೆಸ್ಟ್ ಹಾಕಿದರೂ ಪಿ-ವ್ಯಾಲ್ಯೂ (ನಿಜವಾಗಿ ಏನೂ ಇಲ್ಲದಿದ್ದಾಗ ಇಂಥ ಫಲ ಆಕಸ್ಮಿಕವಾಗಿ ಬರುವ ಸಂಭವ) ಬರೀ ಸೊನ್ನೆಗಳ ಸಾಲು.

ಡೇಟಾ ನನ್ನದಲ್ಲ. ನಾನು ವಿಜಯಪುರದಲ್ಲಿ ಕೂತು ಬೇರೆಯವರ ಲೆಕ್ಕ ನೋಡಿಕೊಡುವವನು. ಬಾಗಲಕೋಟೆ ಕಡೆಯ ಒಬ್ಬ ಹುಡುಗ ಪಿಎಚ್‌ಡಿಗೆ ಅಂತ ಮುಧೋಳ, ಜಮಖಂಡಿ ಸುತ್ತಿನ ಹಳ್ಳಿಗಳಲ್ಲಿ ಮನೆ ಮನೆ ತಿರುಗಿ, ಅಪ್ಪ ಅವ್ವ ಮಕ್ಕಳು ಅಜ್ಜ ಅಜ್ಜಿ ಎಲ್ಲರ ಎತ್ತರ ಬರೆದುಕೊಂಡು ಬಂದಿದ್ದ. ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಸರ್ರ, ಎತ್ತರ ಪೂರ್ತಿ ರಕ್ತದಾಗಿಂದನ ಬರ್ತದ ಅಂತ ಬರದ್ಬಿಡ್ಲೇನ್ರಿ?"

ತಡಿಯಪಾ, ಅಂದೆ.

1.00 ಅನ್ನೋದು ಉತ್ತರ ಅಲ್ಲ. ಮಾಡೆಲ್ ಗೋಡೆಗೆ ಹೋಗಿ ಢಿಕ್ಕಿ ಹೊಡೆದು ನಿಂತಿದೆ ಅಂತ ಅರ್ಥ. ಲೆಕ್ಕ 1 ದಾಟಿ ಹೋಗಬೇಕು ಅಂತಿತ್ತು, ಸಾಫ್ಟ್‌ವೇರ್ ಬಿಡಲಿಲ್ಲ, ಅಷ್ಟೇ. ಹಾಗೆ ಆಯ್ತು ಅಂದರೆ ನಾವು ಒಪ್ಪಿಕೊಂಡು ಹೊರಟ ಮಾತುಗಳಲ್ಲಿ ಒಂದಾದರೂ ಸುಳ್ಳಾಗಿರೋ ಸಾಧ್ಯತೆ ಜಾಸ್ತಿ. ಆ ಮಾತುಗಳು ಏನಪ್ಪಾ ಅಂದ್ರೆ: ಗಂಡ-ಹೆಂಡತಿ ನಡುವೆ ರಕ್ತದ ನಂಟಿಲ್ಲ. ತಂದೆತಾಯಿ ಮತ್ತು ಮಗುವಿನ ನಡುವೆ ಅರ್ಧ ನಂಟು (ಹಂಚಿಕೊಂಡ ಜೀನ್‌ಗಳ ಪಾಲು), ಒಡಹುಟ್ಟಿದವರ ನಡುವೆ ಅರ್ಧ. ಒಂದು ಕುಟುಂಬಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಎಲ್ಲರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಲಾಗಿದೆ. ಈ ಅರ್ಧ, ಕಾಲು ಲೆಕ್ಕ ಗಟ್ಟಿಯಾಗಿ ಕೂತದ್ದು ಸಂಖ್ಯಾಶಾಸ್ತ್ರಜ್ಞ ಫಿಶರ್ ಅವರ 1918ರ ಪ್ರಬಂಧದಲ್ಲಿ. ಆ ಪ್ರಬಂಧದಲ್ಲೇ ಅವರು ಗಂಡ-ಹೆಂಡತಿಯ ಎತ್ತರದ ಕೋರಿಲೇಶನ್ (ಎರಡು ಅಳತೆ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅನ್ನೋ ಸಂಖ್ಯೆ; ಸೊನ್ನೆ ಅಂದರೆ ಹೊಂದಿಕೆಯೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ) ಅನ್ನೂ ಲೆಕ್ಕಕ್ಕೆ ತಗೊಂಡಿದ್ದರು. ನಾವು ಮಾತ್ರ ಡೀಫಾಲ್ಟ್ ಬಟನ್ ಒತ್ತಿ ಮುಂದೆ ಹೋಗ್ತೇವೆ.

ಮಾಡೆಲ್ ಮುಚ್ಚಿ, ಜೋಡಿಗಳ ಪಟ್ಟಿ ತೆಗೆಯಿರಿ

ದೊಡ್ಡ ಮಾಡೆಲ್ ಒಳಗೆ ತಪ್ಪು ಹುಡುಕಬೇಡಿ, ಸಿಗಲ್ಲ. ಗಂಡ-ಹೆಂಡತಿ, ಅಪ್ಪ-ಮಗ, ಅಪ್ಪ-ಮಗಳು, ಅವ್ವ-ಮಗ, ಅವ್ವ-ಮಗಳು, ಅಣ್ಣ-ತಮ್ಮ, ಅಕ್ಕ-ತಂಗಿ, ಅಣ್ಣ-ತಂಗಿ: ಒಂದೊಂದು ಬಗೆಯ ಜೋಡಿಗೂ ಬೇರೆ ಬೇರೆ ಕೋರಿಲೇಶನ್ ತೆಗೆದು ಒಂದು ಹಾಳೆಯ ಮೇಲೆ ಬರೆಯಿರಿ. ಹುಡುಗನ ಹಾಳೆಯಲ್ಲಿ ಕಂಡದ್ದನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿ ಹೇಳ್ತೇನೆ. ಅಪ್ಪ-ಮಕ್ಕಳು, ಅವ್ವ-ಮಕ್ಕಳು 0.5ಕ್ಕಿಂತ ಸ್ವಲ್ಪ ಮೇಲೆ. ಗಂಡ-ಹೆಂಡತಿ 0.3. ತಂದೆತಾಯಿ-ಮಗು ಕೋರಿಲೇಶನ್ ಅನ್ನು ಎರಡು ಪಟ್ಟು ಮಾಡಿದರೆ ಹೆರಿಟಬಿಲಿಟಿ ಬರುತ್ತೆ ಅನ್ನೋದು ಹಳೇ ಲೆಕ್ಕ. 0.5 ದಾಟಿದರೆ ಎರಡು ಪಟ್ಟು 1 ದಾಟುತ್ತದೆ. ಗೋಡೆಗೆ ಢಿಕ್ಕಿ ಹೊಡೆದದ್ದು ಯಾಕೆ ಅಂತ ಇಲ್ಲೇ ಗೊತ್ತಾಯ್ತು.

ಪ್ರತಿ ಸಂಖ್ಯೆಯ ಪಕ್ಕ ಅದರ ಅಳ್ಳಾಟವನ್ನೂ ಬರೆಯಿರಿ. 100 ದಂಪತಿ ಇದ್ದು 0.3 ಬಂದರೆ, ಫಿಶರ್ ಜೆಡ್ ಸೂತ್ರದ ಪ್ರಕಾರ ನಿಜವಾದ ಸಂಖ್ಯೆ ಇರಬಹುದಾದ 95 ಪರ್ಸೆಂಟ್ ಅಂತರ ಸುಮಾರು 0.11ರಿಂದ 0.47ರವರೆಗೆ ಚಾಚುತ್ತದೆ. ಅಷ್ಟು ಅಗಲ! ಅಣ್ಣತಮ್ಮಂದಿರ ಜೋಡಿಗಳಿಗೆ ಮಾತ್ರ ಈ ಸೂತ್ರ ಸುಮ್ನೆ ಹಾಕಬೇಡಿ. ಇಬ್ಬರು ಮಕ್ಕಳ ಮನೆ ಒಂದು ಜೋಡಿ ಕೊಟ್ಟರೆ ಆರು ಮಕ್ಕಳ ಮನೆ 15 ಜೋಡಿ ಕೊಡುತ್ತದೆ. ಆ ಹದಿನೈದೂ ಒಂದಕ್ಕೊಂದು ಅಂಟಿಕೊಂಡಿವೆ. ಅಲ್ಲಿ ಬೂಟ್‌ಸ್ಟ್ರ್ಯಾಪ್ ಮಾಡಿ (ಇರುವ ಡೇಟಾದಿಂದಲೇ ಮತ್ತೆ ಮತ್ತೆ ಎತ್ತಿ ಲೆಕ್ಕ ಹಾಕುವ ವಿಧಾನ), ಆದರೆ ಮಂದಿಯನ್ನು ಎತ್ತಬೇಡಿ, ಇಡೀ ಮನೆಯನ್ನೇ ಎತ್ತಿ.

ಐದು ನಿಮಿಷದಲ್ಲಿ ಮುಗಿಯುವ ತಪಾಸಣೆ

ಮೊದಲಿಗೆ ಫೂಟು-ಇಂಚು. 5 ಫೂಟು 10 ಇಂಚನ್ನು 5.10 ಅಂತ ಹೊಡೆದರೆ ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 5.1 ಮಾಡುತ್ತದೆ. 177.8 ಸೆಂ.ಮೀ. ಇರುವ ಗಟ್ಟಿ ಆಳು 155ಕ್ಕೆ ಇಳಿಯುತ್ತಾನೆ. 5 ಫೂಟು 1 ಇಂಚಿನವನೂ ಅದೇ 5.1, ಇನ್ನು ಇಬ್ಬರನ್ನು ಬೇರೆ ಮಾಡೋಕೆ ದಾರಿಯೇ ಇಲ್ಲ. ಈ ತಪ್ಪು ಕೋರಿಲೇಶನ್ ಅನ್ನು ಇಳಿಸುತ್ತದೆ, ಏರಿಸಲ್ಲ. ಹಾಗಾಗಿ ನಮ್ಮ ಕೇಸಿನ ಕಳ್ಳ ಇದಲ್ಲ. ಆದರೂ ನೋಡಿ, ಪ್ರತಿ ಸಲ ಒಂದಿಬ್ಬರು ಸಿಕ್ಕೇ ಸಿಗ್ತಾರೆ.

ಗಂಡು-ಹೆಣ್ಣಿನ ಸರಾಸರಿ ಬೇರೆ ಮಾಡಿದ್ದೀರಾ? 1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ ಹೆಂಗಸರ ಎತ್ತರವನ್ನೆಲ್ಲ 1.08ರಿಂದ ಗುಣಿಸಿ ಗಂಡಸರ ಅಳತೆಗೆ ತಂದುಕೊಂಡಿದ್ದರು. ಈಗ ಅಷ್ಟು ಕಷ್ಟ ಬೇಡ, ಲಿಂಗ ಮತ್ತು ವಯಸ್ಸನ್ನು ಮಾಡೆಲ್‌ಗೆ ಹಾಕಿ ಉಳಿಕೆ (ಅವೆರಡರಿಂದ ವಿವರಿಸಲಾಗದ ಭಾಗ) ತಗೊಂಡರೆ ಸಾಕು. ಇದನ್ನು ಬಿಟ್ಟರೆ ಅಣ್ಣ-ತಂಗಿ ಜೋಡಿಗಳನ್ನು ಅಣ್ಣ-ತಮ್ಮಂದಿರ ಜೊತೆ ಒಂದೇ ಚೀಲಕ್ಕೆ ಹಾಕಿದಾಗ ಕೋರಿಲೇಶನ್ ಕುಸಿಯುತ್ತದೆ.

ಮೂರನೆಯದು ಎರಡರ ತಪ್ಪು. ಆರ್ ಅನ್ನೋ ಲೆಕ್ಕದ ಸಾಫ್ಟ್‌ವೇರಿನ ಕಿನ್‌ಶಿಪ್2 ಪ್ಯಾಕೇಜು ಕೊಡುವ ನಂಟಿನ ಪಟ್ಟಿಯಲ್ಲಿ ಅಪ್ಪ-ಮಗನಿಗೆ 0.25 ಇರುತ್ತದೆ, 0.5 ಅಲ್ಲ. ಅದನ್ನು ಎರಡರಿಂದ ಗುಣಿಸಿ ಮಾಡೆಲ್‌ಗೆ ಕೊಡಬೇಕು. ಮರೆತರೆ ಆನುವಂಶಿಕ ಪಾಲು ಎರಡು ಪಟ್ಟು ಉಬ್ಬುತ್ತದೆ. ನಿಜವಾಗಿ ಆನುವಂಶಿಕ ಪಾಲು 40, ಉಳಿದದ್ದು 60 ಇದ್ದರೆ ನಿಮಗೆ 80 ಮತ್ತು 60 ಕಾಣುತ್ತದೆ, 0.40 ಇರುವ ಹೆರಿಟಬಿಲಿಟಿ 0.57 ಆಗುತ್ತದೆ. ನಾನೂ ಒಮ್ಮೆ ಇದರಲ್ಲಿ ಬಿದ್ದು ಎರಡು ದಿನ ಕಳೆದವನೇ. ಹುಡುಗ ಗುಣಿಸಿದ್ದ, ಶಾಣ್ಯಾ.

ಇನ್ನು "ಮ್ಯಾಟ್ರಿಕ್ಸ್ ಪಾಸಿಟಿವ್ ಡೆಫಿನಿಟ್ ಅಲ್ಲ", ಅಂದರೆ ನಂಟಿನ ಪಟ್ಟಿಯ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತಿಲ್ಲ, ಅಂತ ಕೆಂಪು ಅಕ್ಷರ ಬಂದರೆ ಅವಳಿಗಳನ್ನು ಹುಡುಕಿ. ಕೈಯಿಂದ ಪಟ್ಟಿ ತುಂಬುವಾಗ ತದ್ರೂಪಿ ಅವಳಿ ಅಕ್ಕ-ತಂಗಿಗೆ 1 ಹಾಕಿ, ತಂಗಿಗೂ ಅವಳ ಮಗುವಿಗೂ 0.5 ಹಾಕಿ, ಅಕ್ಕನಿಗೂ ಆ ಮಗುವಿಗೂ 0 ಬಿಟ್ಟಿರುತ್ತಾರೆ. ಅಂಥ ಕುಟುಂಬ ಈ ಭೂಮಿ ಮೇಲೆ ಇರೋಕೆ ಸಾಧ್ಯವಿಲ್ಲ. ಗಣಿತ ಅದನ್ನೇ ಹೇಳ್ತಾ ಇದೆ.

ಸಂಬಂಧದ ಖಾನೆ

ಇಲ್ಲಿ ನಿಧಾನ ಮಾಡಿ. ನಮ್ಮ ಕಡೆ ಕುಟುಂಬದ ಡೇಟಾ ಕೆಡೋದು ಜಾಸ್ತಿ ಇಲ್ಲೇ.

ಫಾರ್ಮಿನಲ್ಲಿ "ಮನೆ ಯಜಮಾನರಿಗೆ ಏನಾಗಬೇಕು" ಅಂತ ಒಂದೇ ಒಂದು ಖಾನೆ ಇತ್ತು. ಹುಡುಗನ ಜೊತೆ ನಾನೂ ಒಂದು ದಿನ ಮುಧೋಳ ಕಡೆಯ ಹಳ್ಳಿಗೆ ಹೋದೆ. ನಾಯಿ ನೋಡೋಕೂ ಆಯ್ತು ಅನ್ನಿ, ಮುಧೋಳಕ್ಕೆ ಹೋಗಿ ಅದನ್ನು ನೋಡದೆ ಬಂದವರಿಲ್ಲ. ಒಂದು ಮನೆಯ ಯಜಮಾನಿ ಅಜ್ಜಿ, ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದರು. ಫಾರ್ಮಿನಲ್ಲಿ ಅವರ ಮನೆಯ ಒಬ್ಬ ಗಂಡಸಿನ ಮುಂದೆ "ಅಳಿಯ" ಅಂತಿತ್ತು. ನಾನು ಸುಮ್ನೆ ಕೇಳಿದೆ, ಇವರು ಯಾವ ಊರವರು ಅಂತ. ಅಜ್ಜಿ ನಕ್ಕುಬಿಟ್ಟರು. "ಯಾವ ಊರು ಅಂದ್ರ? ಇದ ಊರು, ಇದ ಮನಿ. ಇವ ನನ್ನ ತಮ್ಮನೂ ಹೌದ್ರಿ, ಅಳಿಯನೂ ಹೌದು."

ಹೌದಲ್ಲ! ಅಕ್ಕನ ಮಗಳನ್ನು ಮಾಡಿಕೊಂಡವ. ನಮಗೆಲ್ಲ ಗೊತ್ತಿರುವ ಮಾತೇ, ಆದರೆ ಖಾನೆ ಒಂದೇ ಇದ್ದರೆ ಒಂದೇ ಉತ್ತರ ಬೀಳುತ್ತದೆ. "ಅಳಿಯ" ಬಿತ್ತು, "ತಮ್ಮ" ಕಳೆದುಹೋಯ್ತು. ಮಾಡೆಲ್ ಕಣ್ಣಿಗೆ ಅವನು ಹೊರಗಿನಿಂದ ಬಂದ, ಯಾರಿಗೂ ಏನೂ ಆಗದ ಮನುಷ್ಯ. ನಿಜದಲ್ಲಿ ಗಂಡ-ಹೆಂಡತಿ ನಡುವೆ ಕಾಲು ಭಾಗ ನಂಟಿದೆ. ಅವರ ಮಗುವಿಗೂ ಅಪ್ಪನಿಗೂ ಅರ್ಧ ಅಲ್ಲ, 0.625. ಮಗುವಿನ ಸ್ವಂತ ಖಾನೆಯಲ್ಲೂ 1 ಅಲ್ಲ, 1.125 ಬರಬೇಕು, ಯಾಕಂದ್ರೆ ಅದರ ಇನ್‌ಬ್ರೀಡಿಂಗ್ ಗುಣಾಂಕ (ಒಂದೇ ಪೂರ್ವಜರ ಜೀನ್ ಅಪ್ಪ ಅವ್ವ ಎರಡೂ ಕಡೆಯಿಂದ ಬರುವ ಸಂಭವ) ಎಂಟನೇ ಒಂದು. ಅತ್ತೆ ಮಗ, ಸೋದರಮಾವನ ಮಗಳು ಇಂಥ ಮದುವೆಯಾದರೆ ದಂಪತಿ ನಡುವೆ ಎಂಟನೇ ಒಂದು, ಅಪ್ಪ-ಮಗುವಿಗೆ 0.5625, ಮಗುವಿನ ಗುಣಾಂಕ ಹದಿನಾರನೇ ಒಂದು.

ಇದರ ಉಲ್ಟಾ ತಪ್ಪೂ ಇದೆ. ದೊಡ್ಡಪ್ಪನ ಮಗನಿಗೂ ಕಾಕಾನ ಮಗನಿಗೂ ನಾವು ಅಣ್ಣ, ತಮ್ಮ ಅಂತಲೇ ಅನ್ನೋದು. ದೊಡ್ಡ ಕೂಡುಮನೆಯಲ್ಲಿ "ಇವರೆಲ್ಲ ಅಣ್ತಮ್ಮಂದಿರು" ಅಂದರೆ ಬರೆಯುವವನು ಎಲ್ಲರನ್ನೂ ಒಡಹುಟ್ಟಿದವರು ಅಂತ ಹಾಕುತ್ತಾನೆ. ಅವರ ನಡುವಿನ ನಂಟು ಎಂಟನೇ ಒಂದು, ಅರ್ಧ ಅಲ್ಲ. ನೂರು ಜೋಡಿಯಲ್ಲಿ ಇಪ್ಪತ್ತು ಹೀಗಿದ್ದರೆ ಸರಾಸರಿ ನಂಟು 0.5ರಿಂದ 0.425ಕ್ಕೆ ಇಳಿಯುತ್ತದೆ. ಒಡಹುಟ್ಟಿದವರ ಕೋರಿಲೇಶನ್ ಯಾಕೋ ಅಪ್ಪ-ಮಕ್ಕಳದ್ದಕ್ಕಿಂತ ಕಡಿಮೆ ಬಂತು ಅಂದಾಗ ನಾನು ಮೊದಲು ಅನುಮಾನ ಪಡೋದು ಕಾಕಾನ ಮಕ್ಕಳ ಮೇಲೆ. ಇನ್ನು "ಮಾವ" ಅನ್ನೋ ಶಬ್ದ ಇದ್ದರಂತೂ ಮುಗೀತು. ಅವ್ವನ ಅಣ್ಣನಾ, ಹೆಂಡತಿಯ ಅಪ್ಪನಾ, ಇಲ್ಲಾ ಎರಡೂ ಅವನೇನಾ?

ಮತ್ತೆ, ಮದುವೆಯಾಗಿ ಹೋದ ಹೆಣ್ಣುಮಗಳು. ಹಬ್ಬಕ್ಕೆ, ಬಾಣಂತನಕ್ಕೆ ಬಂದಾಗ ತವರುಮನೆ ಫಾರ್ಮಿನಲ್ಲಿ ಒಮ್ಮೆ, ಗಂಡನ ಮನೆ ಫಾರ್ಮಿನಲ್ಲಿ ಒಮ್ಮೆ, ಬೇರೆ ಬೇರೆ ನಂಬರ್‌ನಲ್ಲಿ. ಒಬ್ಬಳೇ ಇಬ್ಬರಾದಳು, ಎರಡು ಕುಟುಂಬ ಬೇರೆ ಬೇರೆ ಅಂತ ಲೆಕ್ಕಕ್ಕೆ ಬಂತು. ಕೊಟ್ಟು ತಂದ ಮನೆಗಳನ್ನು ಜೋಡಿಸಿದಾಗ ಹುಡುಗನ ಎಷ್ಟೋ "ಬೇರೆ" ಕುಟುಂಬಗಳು ಒಂದೇ ಬಳ್ಳಿಯ ಕಾಯಿಗಳಾದವು. ಬೂಟ್‌ಸ್ಟ್ರ್ಯಾಪ್ ಮಾಡುವಾಗ ಆ ಇಡೀ ಬಳ್ಳಿಯನ್ನೇ ಒಂದು ಘಟಕ ಮಾಡಬೇಕು.

ಕಳ್ಳ ಸಿಕ್ಕ ಅಂತ ಕುಣಿಯೋ ಮುಂಚೆ

ನಾನು ಕುಣಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗನಿಗೆ ಹೇಳಿದೆ, ನೋಡಪಾ, ಸೋದರಮಾವನ ಮದುವೆಯೇ ನಿನ್ನ ಹೆರಿಟಬಿಲಿಟಿ ಕೆಡಿಸಿದ್ದು ಅಂತ. ಮನೆಗೆ ಬಂದು ಪೆನ್ನು ಹಿಡಿದು ಲೆಕ್ಕ ಹಾಕಿದಾಗ ಮುಖ ಸಣ್ಣದಾಯ್ತು.

ಎತ್ತರದ ನಿಜವಾದ ಹೆರಿಟಬಿಲಿಟಿ 0.8 ಅಂತ ಇಟ್ಕೊಳ್ಳಿ. ಜೋಡಿಗಳಲ್ಲಿ ಕಾಲು ಭಾಗ ಸೋದರಮಾವ-ಅಕ್ಕನ ಮಗಳ ಮದುವೆ ಅಂತಲೇ ಇಟ್ಕೊಳ್ಳಿ, ಅದು ಬಹಳ ಜಾಸ್ತಿಯೇ ಆಯ್ತು. ಆ ಜೋಡಿಗಳಲ್ಲಿ ನಂಟು ಕಾಲು. ಕಾಲು ಗುಣಿಸು ಕಾಲು ಗುಣಿಸು 0.8, ಅಂದರೆ ಗಂಡ-ಹೆಂಡತಿ ಕೋರಿಲೇಶನ್‌ಗೆ ಸಿಗೋದು 0.05. ನಮಗೆ ಕಂಡದ್ದು 0.3. ಅಪ್ಪ-ಮಗುವಿನದ್ದು 0.4 ಇರಬೇಕಾದ್ದು 0.42 ಆಗುತ್ತದೆ, ಅಷ್ಟೇ. 0.5 ದಾಟಲ್ಲ. ತಪ್ಪು ನಿಜ, ತಿದ್ದಲೇಬೇಕು, ಆದರೆ ಈ ರೋಗಕ್ಕೆ ಇದು ಕಾರಣ ಅಲ್ಲ.

ದೋಷ ಹುಡುಕುವಾಗ ಎಲ್ಲರೂ ಜಾರುವ ಜಾಗ ಇದು. ಒಂದು ತಪ್ಪು ಸಿಕ್ಕಿತು ಅಂದ ತಕ್ಷಣ ಹುಡುಕೋದು ನಿಲ್ಲಿಸಿಬಿಡ್ತೇವೆ. ಸಿಕ್ಕ ತಪ್ಪು ಸಂಖ್ಯೆಯನ್ನು ಎಷ್ಟು ಸರಿಸಬಲ್ಲದು ಅಂತ ಹಾಳೆಯ ಮೇಲೆ ಲೆಕ್ಕ ಹಾಕಿ. ಸಾಲದಿದ್ದರೆ ಇನ್ನೊಬ್ಬ ಇದ್ದಾನೆ.

ಹಾಗಂತ ಗಂಡ-ಹೆಂಡತಿ 0.3 ಅಂದ ಮಾತ್ರಕ್ಕೆ ಅಸಾಧ್ಯ ಅಂತಲೂ ಅಲ್ಲ. 1903ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಪಿಯರ್ಸನ್ ಮತ್ತು ಲೀ ಇಂಗ್ಲೆಂಡಿನ ದಂಪತಿಗಳಲ್ಲಿ ಎತ್ತರಕ್ಕೆ 0.28 ಕಂಡಿದ್ದರು. ನಮ್ಮಲ್ಲೂ ಹೆಣ್ಣು ನೋಡೋಕೆ ಹೋದಾಗ "ಜೋಡಿ ಒಪ್ಪಬೇಕು" ಅಂತ ಪಕ್ಕ ಪಕ್ಕ ನಿಲ್ಲಿಸಿ ನೋಡ್ತಾರೆ ಅಲ್ವಾ? ಹಾಗಾಗಿ 0.3 ನೋಡಿ ತೀರ್ಪು ಕೊಡೋ ಹಾಗಿಲ್ಲ. ಬೇರೆ ಪರೀಕ್ಷೆ ಬೇಕು.

ಸುಳ್ಳು ಜೋಡಿಯ ಪರೀಕ್ಷೆ

ನನಗೆ ಇದು ಎಲ್ಲಕ್ಕಿಂತ ಇಷ್ಟ. ಒಂದೇ ಊರಿನೊಳಗೆ, ಒಬ್ಬ ಗಂಡನನ್ನು ಪಕ್ಕದ ಮನೆಯವನ ಹೆಂಡತಿಯ ಜೊತೆ ಜೋಡಿ ಹಾಕಿ. ಕಂಪ್ಯೂಟರಿನಲ್ಲಿ ಮಾತ್ರ! ನಂಟಿನವರಲ್ಲ ಅಂತ ಖಾತ್ರಿ ಮಾಡಿಕೊಂಡು, ಊರಿನೊಳಗೇ ಹೆಂಡತಿಯರನ್ನು ಕಲಸಿ ಕಲಸಿ ಸಾವಿರ ಸಲ ಕೋರಿಲೇಶನ್ ತೆಗೆಯಿರಿ. ಆಮೇಲೆ ಊರಿನ ಗಡಿ ಬಿಟ್ಟು, ಎಲ್ಲಾ ಊರನ್ನೂ ಸೇರಿಸಿ ಇನ್ನೊಂದು ಸಾವಿರ ಸಲ ಕಲಸಿ. ಎರಡನೇ ಸಲ ಸೊನ್ನೆಯ ಸುತ್ತ ಬರಬೇಕು, ಬರುತ್ತದೆ. ಮೊದಲನೇ ಸಲವೂ ಸೊನ್ನೆ ಬಂದರೆ ಗಂಡ-ಹೆಂಡತಿ ಕೋರಿಲೇಶನ್ ನಿಜವಾಗಿ ದಂಪತಿಗಳದ್ದೇ. ಸೊನ್ನೆ ಬರದಿದ್ದರೆ ಅದು ಊರಿನದ್ದು.

ಹುಡುಗನ ಡೇಟಾದಲ್ಲಿ ಊರಿನೊಳಗಿನ ಸುಳ್ಳು ಜೋಡಿಗಳು 0.2ರ ಹತ್ತಿರ ಬಂದವು. ಅಪರಿಚಿತರು, ಬರೀ ಒಂದೇ ಊರಿನವರು, ಇಷ್ಟು ಹೊಂದಿಕೊಂಡರೆ ಯಾರೋ ಊರಿಗೆ ಊರನ್ನೇ ಎತ್ತಿ ಇಳಿಸಿದ್ದಾರೆ.

ಯಾರು ಅಳೆದದ್ದು, ಹೇಗೆ ಅಂತ ಕೇಳಿದೆ. ಒಂದೊಂದು ಊರಿಗೆ ಒಬ್ಬೊಬ್ಬ ಗೆಳೆಯ. ಗೋಡೆಗೆ ಟೇಪ್ ಅಂಟಿಸಿ ಅಳೆದಿದ್ದರು. ಹುಡುಗ ಊರೂರು ಹೋಗಿ ನೋಡಿ ಬಂದು ಫೋನ್ ಮಾಡಿದ. "ಸರ್ರ, ಟೇಪಿನ ಸೊನ್ನಿ ಫರಸಿ ಮ್ಯಾಲ ಐತ್ರಿ, ಮಂದಿ ನಿಂತಿದ್ದು ಕೆಳಗ ನೆಲದ ಮ್ಯಾಲ." ಫರಸಿ ಅಂದರೆ ಹಾಸುಗಲ್ಲು. ಇನ್ನೊಂದು ಊರಲ್ಲಿ ಚಪ್ಪಲಿ ಬಿಚ್ಚಿಸಿರಲಿಲ್ಲ. ಮತ್ತೊಂದರಲ್ಲಿ ಟೇಪಿನ ಮುಂದಿನ ತುಂಡು ಹರಿದಿದೆ ಅಂತ ಅಲ್ಲಿಂದಲೇ ಶುರು ಮಾಡಿದ್ದರು. ಊರಿಂದೂರಿಗೆ ಈ ಎಡವಟ್ಟಿನ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಚದುರುವ ಅಳತೆ) 3 ಸೆಂ.ಮೀ. ಅಂತ ಇಟ್ಕೊಳ್ಳಿ, ಮಂದಿಯ ಎತ್ತರದ್ದು 6. ಎರಡನ್ನೂ ವರ್ಗ ಮಾಡಿದರೆ 9 ಮತ್ತು 36, ಒಟ್ಟು 45. ಒಂಬತ್ತನ್ನು ನಲವತ್ತೈದರಿಂದ ಭಾಗಿಸಿ, 0.2. ಒಂದೇ ಊರಿನ ಯಾವ ಜೋಡಿ ಎತ್ತಿದರೂ ಈ 0.2 ಉಚಿತ. ಅಪ್ಪ-ಮಗುವಿನ ನಿಜವಾದ 0.4 ಏನಾಗುತ್ತದೆ? 0.4ರ ನೂರಕ್ಕೆ ಎಂಬತ್ತು, ಅದಕ್ಕೆ 0.2 ಸೇರಿಸಿದರೆ 0.52. ಎರಡು ಪಟ್ಟು 1.04. ಗೋಡೆಗೆ ಢಿಕ್ಕಿ.

ಬಿಪಿ, ಸಕ್ಕರೆ ಇಂಥದ್ದರಲ್ಲಿ ಈ ಪರೀಕ್ಷೆಗೆ ಇನ್ನೊಂದು ಮೆಟ್ಟಿಲು ಸೇರಿಸಬೇಕು. ಅಲ್ಲಿ ಊರಿನ ಜೊತೆ ಅಡುಗೆಮನೆಯೂ ಇದೆ. ಒಂದೇ ಉಪ್ಪಿನಕಾಯಿ ಭರಣಿ, ಒಂದೇ ಶೇಂಗಾ ಹಿಂಡಿ. ರಕ್ತದ ನಂಟಿಲ್ಲದ ಅತ್ತೆ-ಸೊಸೆ ಜೋಡಿ ತೆಗೆದು ನೋಡಿ, ಅವರ ಕೋರಿಲೇಶನ್ ಬಹಳ ಮಾತಾಡುತ್ತದೆ. ಸೊಸೆ ಅತ್ತೆಯ ತಮ್ಮನ ಮಗಳಾಗಿರಬಾರದು, ಅದನ್ನೂ ನೋಡಿಕೊಳ್ಳಿ.

ಇಷ್ಟಾದ ಮೇಲೆ ಟೆಸ್ಟು

ಲೈಕ್ಲಿಹುಡ್ ರೇಶಿಯೋ ಟೆಸ್ಟ್ (ಎರಡು ಮಾಡೆಲ್‌ಗಳು ಡೇಟಾಗೆ ಎಷ್ಟು ಹೊಂದುತ್ತವೆ ಅಂತ ಹೋಲಿಸುವ ಪರೀಕ್ಷೆ) ಈಗ ಹಾಕಿ, ಮೊದಲೇ ಅಲ್ಲ. ಅಪ್ಪ-ಮಗ, ಅಪ್ಪ-ಮಗಳು, ಅವ್ವ-ಮಗ, ಅವ್ವ-ಮಗಳು ನಾಲ್ಕೂ ಒಂದೇ ಅನ್ನೋ ಮಾತನ್ನು ಪರೀಕ್ಷಿಸಬೇಕಾದರೆ, ನಾಲ್ಕನ್ನು ಬಿಡಿಬಿಡಿಯಾಗಿ ಬಿಟ್ಟು ಒಮ್ಮೆ, ಒಂದೇ ಅಂತ ಕಟ್ಟಿ ಒಮ್ಮೆ ಮಾಡೆಲ್ ಓಡಿಸಿ. ಲಾಗ್-ಲೈಕ್ಲಿಹುಡ್ ವ್ಯತ್ಯಾಸದ ಎರಡು ಪಟ್ಟು 7.81 ದಾಟಿದರೆ 5 ಪರ್ಸೆಂಟ್ ಮಟ್ಟದಲ್ಲಿ ಮಾತು ಬಿದ್ದುಹೋಯ್ತು. ನಾಲ್ಕನ್ನು ಒಂದು ಮಾಡಿದಾಗ ಮೂರು ಸಂಖ್ಯೆ ಕಡಿಮೆಯಾಯ್ತು, ಹಾಗಾಗಿ ಮೂರು ಡಿಗ್ರಿ ಆಫ್ ಫ್ರೀಡಂ. ಒಡಹುಟ್ಟಿದವರ ಮೂರು ಬಗೆ ಒಂದೇ ಅನ್ನೋದಕ್ಕೆ ಎರಡು ಡಿಗ್ರಿ, 5.99. ಅಪ್ಪ-ಮಗು ಮತ್ತು ಅವ್ವ-ಮಗು ಕೋರಿಲೇಶನ್ ಹೋಲಿಸುವಾಗ ಎರಡು ಬೇರೆ ಗುಂಪು ಅಂತ ಜೆಡ್ ಟೆಸ್ಟ್ ಹಾಕುವವರಿದ್ದಾರೆ. ಮಗು ಎರಡೂ ಕಡೆ ಅದೇ ಇದೆಯಲ್ಲ ಮಾರಾಯ್ರೆ!

ಒಂದೇ ಮನೆಯಲ್ಲಿ ಬಾಳುವುದರಿಂದ ಬರುವ ಪಾಲು ಸೊನ್ನೆಯಾ ಅಂತ ನೋಡುವಾಗ ಮಾತ್ರ ಒಂದು ಡಿಗ್ರಿಯ ಮಾಮೂಲಿ ಗೆರೆ 3.84 ಬಳಸಬೇಡಿ. ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಶನ್ನಿನ ವರ್ಗ) ಸೊನ್ನೆಗಿಂತ ಕೆಳಗೆ ಹೋಗಲ್ಲ, ಹಾಗಾಗಿ ಸರಿಯಾದ ಗೆರೆ 2.71. ಒಂದಿಬ್ಬರ ಎತ್ತರ ವಿಪರೀತ ಇದ್ದರೆ ಈ ಟೆಸ್ಟುಗಳೆಲ್ಲ ಹುಚ್ಚಾಗುತ್ತವೆ. ಆಗ ಕಲಸುವ ಪರೀಕ್ಷೆಯನ್ನೇ ನಂಬಿ. ಮತ್ತೆ ಮನೆಗಳು ಕಡಿಮೆ ಇದ್ದು ಟೆಸ್ಟ್ ಏನೂ ಹೇಳದಿದ್ದರೆ ಊಹೆ ಸರಿ ಅಂತಲ್ಲ, ಟೆಸ್ಟಿಗೆ ಕಣ್ಣು ಕಾಣಲಿಲ್ಲ ಅಂತ.

ನಿಮಗೆ ಹೆರಿಟಬಿಲಿಟಿಯೇ ಬೇಡ, ಶಾಲೆ ಕಲಿತವರ ಎತ್ತರ ಜಾಸ್ತಿಯಾ ಅನ್ನೋದಷ್ಟೇ ಬೇಕು ಅಂದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಜಿಇಇ (ಮನೆಯಂಥ ಗುಂಪುಗಳಲ್ಲಿ ಬರುವ ಡೇಟಾಗೆ ಇರುವ ವಿಧಾನ) ಹಾಕಿ, ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ತಗೊಳ್ಳಿ. ಕೋರಿಲೇಶನ್ ಊಹೆ ತಪ್ಪಿದ್ದರೂ ಅದು ತಡೆದುಕೊಳ್ಳುತ್ತದೆ, ಮನೆಗಳು ಸಾಕಷ್ಟಿದ್ದರೆ. ಹತ್ತು ಹದಿನೈದು ಮನೆ ಇಟ್ಟುಕೊಂಡು ಮಾಡಿದರೆ ಎರರ್ ಸುಳ್ಳು ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ಕುಟುಂಬವನ್ನೇ ಮರೆತು ಮಾಡೋದಂತೂ ಬೇಡ. ಐದು ಮಂದಿಯ ಮನೆ, ಸರಾಸರಿ ಕೋರಿಲೇಶನ್ 0.3 ಇದ್ದರೆ 500 ಮಂದಿಯ ತೂಕ 227 ಮಂದಿಯಷ್ಟೇ.

ಹುಡುಗನ ಕೇಸು ಎಲ್ಲಿಗೆ ಬಂತು? ಊರಿನ ಸರಾಸರಿ ಕಳೆದು, ಕಳೆದುಹೋದ ತಮ್ಮಂದಿರನ್ನು ವಾಪಸ್ ತಂದು, ನಂಟಿನ ಪಟ್ಟಿ ಹೊಸದಾಗಿ ಮಾಡಿ ಓಡಿಸಿದ. ಹೆರಿಟಬಿಲಿಟಿ ಗೋಡೆ ಬಿಟ್ಟು ಇಳಿಯಿತು, ಎರರ್ ಖಾನೆ ತುಂಬಿತು. ಹೊಸ ಫಾರ್ಮಿನಲ್ಲಿ ಮಾವ, ಅಳಿಯ, ಅಣ್ಣ ಯಾವ ಶಬ್ದವೂ ಇಲ್ಲ. ಪ್ರತಿಯೊಬ್ಬರಿಗೂ ಹೆತ್ತ ಅಪ್ಪನ ನಂಬರ್, ಹೆತ್ತ ಅವ್ವನ ನಂಬರ್, ಅಷ್ಟೇ. ಉಳಿದದ್ದೆಲ್ಲ ಕಂಪ್ಯೂಟರ್ ಕಟ್ಟಿಕೊಳ್ಳುತ್ತದೆ.

ಒಂದು ತಕರಾರು ಉಳಿದಿದೆ. ಊರಿನ ಸರಾಸರಿ ಕಳೆದಾಗ ಟೇಪಿನ ತಪ್ಪಿನ ಜೊತೆ ಊರಿನ ನಿಜವಾದ ವ್ಯತ್ಯಾಸವೂ ಹೋಗುತ್ತದೆ. ಕಾಲುವೆ ನೀರಿನ ಕಬ್ಬಿನ ಊರಿಗೂ ಮಳೆ ನಂಬಿದ ಜೋಳದ ಊರಿಗೂ ಎತ್ತರ ಬೇರೆ ಇರಬಹುದಲ್ಲ. ಅದಕ್ಕೆ ಹುಡುಗ ಮುಂದಿನ ವಾರ ಸರಿಯಾದ ಸ್ಟೇಡಿಯೋಮೀಟರ್ (ಎತ್ತರ ಅಳೆಯುವ ಸಾಧನ) ಹೊತ್ತುಕೊಂಡು ಅದೇ ಊರುಗಳಿಗೆ ಹೋಗುತ್ತಿದ್ದಾನೆ. ಪ್ರತಿ ಊರಲ್ಲಿ ಹತ್ತು ಮಂದಿಯನ್ನು ಮತ್ತೆ ಅಳೆಯುತ್ತಾನೆ, ಹಳೇ ಅಳತೆಗೂ ಹೊಸದಕ್ಕೂ ಇರುವ ವ್ಯತ್ಯಾಸವೇ ಆ ಊರಿನ ಟೇಪಿನ ತಪ್ಪು. ಅಜ್ಜಿಯ ಮನೆಗೆ ಮೊದಲು ಹೋಗು ಅಂತ ಹೇಳಿದ್ದೇನೆ, ಇನ್ನೂ ಇಬ್ಬರು ಅಳಿಯಂದಿರ ವಿಷಯ ಕೇಳೋದಿದೆ.